ಕೂರ್ಗ್ ಸ್ಟೇಟಿನ ಕೊನೆಯ ಚಾಂಪಿಯನ್

೨ ಸೆಪ್ಟೆಂಬರ್ ೧೯೫೬, ಭಾನುವಾರ

ಬರೆಯಬೇಕಂತೆ. ನಾನು! ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಎದ್ದುಬಂದವನು. ಕಾಂತಮ್ಮನ ಆಜ್ಞೆ. ನಿನ್ನೆ ಸಾರಿಗೆ ಉಪ್ಪಿಲ್ಲ ಅಂತ ತಟ್ಟೆ ತಳ್ಳಿದ್ದಕ್ಕೆ ಎಸ್ಟೇಟ್ ರೈಟರ್ ಕೊಟ್ಟಿದ್ದ ಖಾಲಿ ಡೈರಿ ತಂದು ಎದುರಿಗೆ ಹಾಕಿದಳು. "ಕೂಗೋದಿದ್ರೆ ಇದ್ರೊಳಗೆ ಕೂಗಿ. ನನ್ ಕಿವಿ ತೂತಾಗೋಯ್ತು." ಹೆಂಡತಿ ಬಾಯಿಗೆ ಹೆದರಿ ಪೆನ್ಸಿಲ್ ಹಿಡಿದಿದ್ದೇನೆ. ಐವತ್ತೈದನೇ ವರ್ಷಕ್ಕೆ! ಥೂ.

ಬೆಳಿಗ್ಗೆ ಎಸ್ಟೇಟ್ ಲಾರಿ ತೊಳೆದೆ. ಸಂಜೆ ಕಾಫಿ ಕಣದಲ್ಲಿ ಸಣ್ಣಸ್ವಾಮಿಗೆ ಬಾಕ್ಸಿಂಗ್. ಚೆಟ್ಟಳ್ಳಿಯ ಈ ಎಸ್ಟೇಟಿನ ಕೂಲಿ ಲೈನ್‌ಮನೆಯವನು, ಹರಿಜನ. ಕಾಫಿ ಹೊಟ್ಟು ತುಂಬಿದ ಚೀಲಕ್ಕೆ ಅವನು ಹೊಡೆದರೆ ಅದು ಕಟ್ಟಿದ ಕೊಂಬೆಯೇ ಅಲ್ಲಾಡುತ್ತದೆ. ತಮಿಳನನ್ನು ಬೀಳಿಸಿದ್ದಾನೆ, ಮಾಪಿಳ್ಳೆಯನ್ನು ಬೀಳಿಸಿದ್ದಾನೆ, ಮಡಿಕೇರಿಯ ಪೊಲೀಸ್ ಪೇದೆಯನ್ನೂ ಮಲಗಿಸಿದ್ದಾನೆ. ಉಳಿದಿರುವುದು ಒಬ್ಬನೇ. ಚಾಂಪಿಯನ್ ವೀರಭದ್ರ. ನನ್ನ ತಂಗಿ ಚನ್ನಬಸಮ್ಮನ ಮಗ. ಅವನಿಗೂ ಕಲಿಸಿದವನು ನಾನೇ. ಕೂರ್ಗ್ ಸ್ಟೇಟ್ ಕಪ್ ಗೆದ್ದು ಎರಡು ವರ್ಷ, ಆಮೇಲೆ ಗ್ಲೌಸ್ ಮುಟ್ಟಿಲ್ಲ.

೯ ಸೆಪ್ಟೆಂಬರ್

ಕುಶಾಲನಗರಕ್ಕೆ ಹೋಗಿದ್ದೆ. ಭಾವ ಪರಮೇಶಪ್ಪ, ಅಂದರೆ ಭದ್ರನ ಅಪ್ಪ, ಕಾಫಿ ವ್ಯಾಪಾರಿ. ಬಾಕ್ಸಿಂಗ್ ಸಂಘಕ್ಕೂ ಅವನೇ ಪ್ರೆಸಿಡೆಂಟ್. ಪಂದ್ಯ ಯಾವಾಗ ಅಂದೆ.

"ಹುಡುಗನ ಬಲಗೈ ಉಳುಕಿದೆ ಶಾಂತಪ್ಪ."

"ಅದೇ ಕೈಲಿ ಒಳಗೆ ರೊಟ್ಟಿ ಮುರೀತಾವ್ನೆ. ಕಾಣ್ತಾ ಇಲ್ವಾ?"

"ಮಳೆ ಬೇರೆ..."

"ರಿಂಗಿಗೆ ಶೆಡ್ಡು ಹಾಕ್ಸು."

ನಕ್ಕ. ಎಲೆಗೆ ಸುಣ್ಣ ಹಚ್ಚುತ್ತ, "ನವೆಂಬರ್ ಒಂದಕ್ಕೆ ನಾವೆಲ್ಲ ಮೈಸೂರಿಗೆ ಸೇರ್ತೀವಿ. ಹೊಸ ರಾಜ್ಯ, ಹೊಸ ಸಂಘ. ಆಮೇಲೆ ನಿಧಾನಕ್ಕೆ ಮಾಡಾಣ ಬಿಡು" ಅಂದ.

ವಾಪಸ್ ಬರುವಾಗ ಏರಿನಲ್ಲಿ ಗೇರ್ ಬದಲಾಯಿಸುತ್ತಿದ್ದೆ, ಆಗ ಹೊಳೆಯಿತು. ಕಳ್ಳ! ನವೆಂಬರ್ ಒಂದಕ್ಕೆ ಕೂರ್ಗ್ ಸ್ಟೇಟೇ ಇರುವುದಿಲ್ಲ. ಇಲ್ಲದ ರಾಜ್ಯದ ಚಾಂಪಿಯನ್‌ನನ್ನು ಯಾರು ಸೋಲಿಸುವುದು? ಭದ್ರ ಮನೆಯಲ್ಲಿ ಸುಮ್ಮನೆ ಕೂತರೆ ಸಾಕು. ಸಾಯುವವರೆಗೂ ಅವನೇ ಚಾಂಪಿಯನ್.

೧೬ ಸೆಪ್ಟೆಂಬರ್

ಸಣ್ಣಸ್ವಾಮಿ ಮುಖ ಗಂಟು ಹಾಕಿಕೊಂಡು ಕೂತಿದ್ದ. ಹಳೇ ಕಾಲದ ಕರಿ ಬಾಕ್ಸರ್ ಜ್ಯಾಕ್ ಜಾನ್ಸನ್ ವಿಷಯ ಹೇಳಿದೆ. ನನಗೆ ಹೇಳಿದ್ದು ಅಮೆರಿಕದ ಒಬ್ಬ ಕರಿ ಸಿಪಾಯಿ. ಯುದ್ಧದಲ್ಲಿ, ಅಸ್ಸಾಮಿನಿಂದ ಬರ್ಮಾಕ್ಕೆ ಹೋಗುವ ಲೆಡೋ ರಸ್ತೆಯ ಮೇಲೆ ಅವನೂ ಲಾರಿ ಓಡಿಸುತ್ತಿದ್ದ, ನಾನೂ ಓಡಿಸುತ್ತಿದ್ದೆ. ಅರ್ಧ ಹಿಂದೂಸ್ತಾನಿ, ಅರ್ಧ ಕೈಸನ್ನೆ.

ಜಾನ್ಸನ್‌ನ ಅಪ್ಪ ಗುಲಾಮನಾಗಿದ್ದವನು. ಮಗ ಎಲ್ಲರನ್ನೂ ಹೊಡೆದು ಕೆಡವಿದ, ಆದರೂ ಬಿಳಿ ಚಾಂಪಿಯನ್ ರಿಂಗಿಗೆ ಇಳಿಯಲೊಲ್ಲ. ಅವನು ಇಂಗ್ಲೆಂಡಿಗೆ ಹೋದರೆ ಇವನೂ ಹೋದ. ಆಸ್ಟ್ರೇಲಿಯಾಕ್ಕೆ ಹೋದರೆ ಅಲ್ಲಿಗೂ ಹೋದ. ಹೋದಲ್ಲೆಲ್ಲ ಬಾಯಿಗೆ ಬಂದಂತೆ ಬೈದು ಕೆಣಕಿದ. ಕಡೆಗೆ ಬಿಳಿಯವನು ಆಸ್ಟ್ರೇಲಿಯಾದಲ್ಲಿ ಸಿಕ್ಕಿಬಿದ್ದ. ಹದಿನಾಲ್ಕನೇ ರೌಂಡಿನಲ್ಲಿ ಪೊಲೀಸರೇ ಪಂದ್ಯ ನಿಲ್ಲಿಸಿದರು. ಬಿಳಿಯವನು ನೆಲಕ್ಕೆ ಬೀಳುವುದನ್ನು ಯಾರೂ ನೋಡಬಾರದಲ್ಲ! ಆದರೂ ಪಟ್ಟ ಜಾನ್ಸನ್‌ಗೇ ಹೋಯಿತು.

"ಆಮ್ಯಾಕೆ ಸುಖವಾಗಿದ್ನಾ?" ಅಂದ ಸಣ್ಣಸ್ವಾಮಿ.

ಇಲ್ಲ. ಬಿಳಿ ಹೆಂಗಸಿನ ಜೊತೆ ಓಡಾಡಿದ ಅಂತ ಕೇಸು ಹಾಕಿದರು. ದೇಶ ಬಿಟ್ಟು ಓಡಿದ. ಯಾವುದೋ ದ್ವೀಪದಲ್ಲಿ ಸೋತ. ವಾಪಸ್ ಬಂದು ಜೈಲು ಸೇರಿದ. ಯುದ್ಧ ಮುಗಿದ ಮೇಲೆ ಕಾರು ಕಂಬಕ್ಕೆ ಗುದ್ದಿ ಸತ್ತನಂತೆ, ಇದು ಪೇಪರ್ ಓದಿ ರೈಟರ್ ಹೇಳಿದ್ದು. ಹೋಟೆಲಿನಲ್ಲಿ ಹಿಂದುಗಡೆ ಕೂತು ತಿನ್ನು ಅಂದರಂತೆ, ಆ ಸಿಟ್ಟಿಗೆ ಕಾರು ಓಡಿಸಿದನಂತೆ.

ಸಣ್ಣಸ್ವಾಮಿ ಆಮೇಲೆ ಎದ್ದು ಚೀಲಕ್ಕೆ ಒಂದು ಕೊಟ್ಟ ನೋಡು... ಹೊಲಿಗೆ ಬಿಟ್ಟು ಹೊಟ್ಟು ಕಣದ ತುಂಬ.

೮ ಅಕ್ಟೋಬರ್

ಮತ್ತೆ ಕುಶಾಲನಗರ. ಮತ್ತೆ ಉಳುಕಿದ ಕೈ. ಈಗ ಎಡಗೈಯಂತೆ, ಹೋದ ಸಲ ಬಲಗೈ. ಸುಳ್ಳಿಗಾದರೂ ಜ್ಞಾಪಕ ಬೇಡವೇ?

೧೭ ಅಕ್ಟೋಬರ್, ರಾತ್ರಿ

ತುಲಾ ಸಂಕ್ರಮಣ. ಎಸ್ಟೇಟಿನವರನ್ನು ಲಾರಿಯಲ್ಲಿ ತುಂಬಿಕೊಂಡು ಭಾಗಮಂಡಲಕ್ಕೆ ಹೋದೆ. ಭಾವನ ಮನೆಯವರೂ ಬರುತ್ತಾರೆ ಅಂತ ಗೊತ್ತಿತ್ತು. ಸಂಗಮದಲ್ಲಿ ಭದ್ರ ಸೊಂಟದುದ್ದ ನೀರಿನಲ್ಲಿ, ಚಳಿಗೆ ನಡುಗುತ್ತ. ಮೆಟ್ಟಿಲ ಮೇಲೆ ನಿಂತು ಕೂಗಿದೆ.

"ಏ ಚಾಂಪಿಯನ್ನು! ರಾಜ್ಯ ಮುಳುಗೋಕೆ ಹದಿನೈದೇ ದಿನ! ಅಲ್ಲೀವರ್ಗೂ ನೀನೂ ಮುಳುಗೇ ಇರು, ತಲೆ ಎತ್ತಬೇಡ!"

ಯಾವುದೋ ಮುದುಕಿ, "ಇವ್ನಾ ಚಾಂಪಿಯನ್ನು? ಹಲ್ಲು ಕಟಕಟ ಅಂತಾವಲ್ಲಪ್ಪ!" ಅಂದಳು. ಜನ ಗೊಳ್ಳೆಂದರು. ತಂಗಿ ಸೆರಗು ಬಾಯಿಗಿಟ್ಟು, "ಅಣ್ಣಾ, ತೀರ್ಥದ ಜಾಗದಲ್ಲಿ ಮಾನ ಕಳೀತೀಯಲ್ಲೋ" ಅಂತ ಅತ್ತಳು. ಅಳಲಿ.

ಅಷ್ಟರಲ್ಲಿ ಸಣ್ಣಸ್ವಾಮಿ ನೀರಿಗೆ ಇಳಿದೇಬಿಟ್ಟ. ಭದ್ರನ ಪಕ್ಕದಲ್ಲೇ ಮುಳುಗಿ ಎದ್ದ. ಮುಖ ಒರೆಸಿಕೊಂಡು ಮೆಲ್ಲಗೆ, "ಭದ್ರಣ್ಣ, ನಾನು ಮುಳುಗಿದ ನೀರಲ್ಲೇ ನೀವೂ ನಿಂತಿದೀರಿ. ಇನ್ನೇನೈತೆ ಉಳ್ದಿರೋದು, ಬನ್ನಿ" ಅಂದ.

ಭದ್ರನ ಮುಖ ಕೆಂಪಾಯಿತು. "ಮೂವತ್ತನೇ ತಾರೀಕು. ಮಡಿಕೇರೀಲಿ. ಬಾರೋ!" ಅಂತ ಕಿರುಚಿದ. ಅವನಪ್ಪ ಬಾಯಿ ಮುಚ್ಚಿಸುವುದರೊಳಗೆ ಇಡೀ ಹೊಳೆಗೇ ಕೇಳಿಸಿತ್ತು.

೨೧ ಅಕ್ಟೋಬರ್, ಭಾನುವಾರ

ಭದ್ರನೇ ಬಂದಿದ್ದ. ಪಂದ್ಯ ಖಾಯಂ, ಆದರೆ ಅಪ್ಪನದು ಒಂದು ಷರತ್ತು.

"ಮಾವ, ಹೊಡೆತಕ್ಕೆ ನಾನೇನೂ ಹೆದರಲ್ಲ. ಗ್ಲೌಸ್ ಇರ್ತದೆ. ಪಂದ್ಯ ಮುಗಿದ್ಮೇಲೆ ಗ್ಲೌಸ್ ಬಿಚ್ಚಿ ಕೈ ಕುಲುಕೋದು ಇದೆಯಲ್ಲ, ಅದು ಮಾತ್ರ ಬೇಡ. ನೆಂಟರೆಲ್ಲ ಬರ್ತಾರೆ."

ಬೈದೆ. ಆದರೂ ಒಪ್ಪಿದೆ. ಕಪ್ ಮುಖ್ಯವೋ, ಕೈ ಮುಖ್ಯವೋ? ಸಂಜೆ ಸಣ್ಣಸ್ವಾಮಿಗೆ ಹೇಳಿದೆ. ಗೆದ್ದು ಬಾ, ಕೈ ಕುಲುಕದಿದ್ದರೆ ಗಂಟೇನು ಹೋಗುತ್ತೆ ಅಂದೆ.

ಅವನು ನಕ್ಕ. ಅವನ ಹೆಂಡತಿ ಚಿನ್ನಿ ಪಕ್ಕದಲ್ಲಿ ಕೂತು ಅವನ ಗ್ಲೌಸಿನ ದಾರ ಬಿಗಿಯುತ್ತಿದ್ದಳು.

"ಶಾಂತಪ್ಪೋರೇ, ಭದ್ರಣ್ಣ ಕಲಿಯೋವಾಗ ಅವರ ದಾರ ಯಾರು ಕಟ್ತಿದ್ರು?"

"ನಾನೇ. ಇನ್ಯಾರು?"

"ನಂದು ಮೂರು ವರ್ಸದಿಂದ ಚಿನ್ನಿ ಕಟ್ತಾವ್ಳೆ. ಬಸುರಿಯಾದಾಗ್ಲೂ ಇವಳೇ ಬಂದ್ಲು. ಬಾಣಂತಿ ಆದಾಗ ನಾನು ಹಲ್ಲಲ್ಲಿ ಕಚ್ಚಿ ಕಟ್ಕಂಡೆ. ನೀವು ಅಲ್ಲೇ ಬೀಡಿ ಸೇದ್ತಾ ನಿಂತಿದ್ರಿ."

ನನಗೆ ಪಿತ್ತ ನೆತ್ತಿಗೇರಿತು. ಕಲಿಸಿದ ಉಪಕಾರಕ್ಕೆ ಇದಾ? ಎದ್ದು ಹೋಗು ಅಂದೆ. ಹೋದ. ಗ್ಲೌಸ್ ಬಿಚ್ಚಿ ಅಲ್ಲೇ ಬಿಟ್ಟು ಹೋದ.

೨೬ ಅಕ್ಟೋಬರ್, ಶುಕ್ರವಾರ

ಇಷ್ಟು ದಿನ ಬರೆಯಲಿಲ್ಲ. ಸಣ್ಣಸ್ವಾಮಿಯೂ ಕಣಕ್ಕೆ ಬರಲಿಲ್ಲ. ಸಾರಿಗೆ ಉಪ್ಪಿತ್ತೋ ಇಲ್ಲವೋ ಗೊತ್ತಿಲ್ಲ.

ಇವತ್ತು ಬಂದ. ಅಂಗಳದಲ್ಲೇ ನಿಂತ. ಕಾಂತಮ್ಮ ಬಾಗಿಲಿಗೆ ಒರಗಿದ್ದಳು, ಒಳಗೆ ಹೋಗು ಅಂದರೂ ಹೋಗಲಿಲ್ಲ.

"ಕೈ ಕುಲುಕೋದು ಅವರು ಬ್ಯಾಡ ಅಂದ್ರೆ ಬ್ಯಾಡ. ಅವರು ನನ್ನ ಎದುರಾಳಿ. ನೀವು ನನ್ ಕಡೆಯೋರು. ಮಂಗಳವಾರ ಪಂದ್ಯಕ್ಕೆ ಚಿನ್ನಿ ಬರಲ್ಲ. ನನ್ ಗ್ಲೌಸ್ ನೀವೇ ಕಟ್ಟಬೇಕು. ರಿಂಗೊಳಗೆ, ನಿಮ್ ತಂಗಿ, ಭಾವ ಎಲ್ಲ ನೋಡೋ ಹಂಗೆ. ರೌಂಡ್ ರೌಂಡಿಗೂ ಬೆವರು ಒರೆಸಬೇಕು. ನೀರು ಕುಡಿಸಬೇಕು."

"ಇಲ್ಲಾಂದ್ರೆ?"

"ನಾನು ರಿಂಗಿಗೆ ಬರಲ್ಲ. ಕಪ್ ನಿಮ್ಮ ಅಳಿಯಂದೇ ಆಗ್ಲಿ."

ಕೂಗಿದೆ. ಎರಡು ವರ್ಷ ತಂಗಿ ಮನೆ ಬಾಗಿಲು ಕಾಯ್ದವನು ನಾನು, ಹೊಳೆಯಲ್ಲಿ ಮಾನ ಕಳೆದುಕೊಂಡವನು ನಾನು, ಇನ್ನೂ ಏನು ಬೇಕೋ ನಿನಗೆ ಅಂತ ಗಂಟಲು ಹರಿಯುವಂತೆ ಕೂಗಿದೆ. ಕೂಗಿ ಮುಗಿಯುವವರೆಗೂ ಅವನು ಕಾದ. ಆಮೇಲೆ ಒಂದೇ ಮಾತು.

"ಕಟ್ತೀರೋ, ಇಲ್ವೋ? ಭಾನುವಾರ ಇಪ್ಪತ್ತೆಂಟರ ಒಳಗೆ ಹೇಳಿ."