ಬೇರೆ ಬೇರೆ ಕೋಣೆಯಲ್ಲಿ ನಪಾಸು

ಹಿರಿಯರ ಆರೈಕೆ ಇಲಾಖೆಯ ಮಾನ್ಯ ನಿರ್ದೇಶಕರೇ,

ನನ್ನನ್ನು ಊರಿನ ಒಂದು ತುದಿಯ ಆರೈಕೆ ಮನೆಗೂ ನನ್ನ ಓರಗಿತ್ತಿಯನ್ನು ಇನ್ನೊಂದು ತುದಿಯದಕ್ಕೂ ಸಾಗಿಸುವ ತಮ್ಮ ಆದೇಶ ತಲುಪಿತು. ನಾವು ಹೋಗುವುದಿಲ್ಲ. ‘ಸ್ವತಂತ್ರವಾಗಿ ಬದುಕಲು ಅಸಮರ್ಥರು’ ಎಂದು ಇಬ್ಬರ ಮೇಲೂ ಷರಾ ಬರೆದಿದ್ದೀರಿ. ಕಳೆದ ತಿಂಗಳಷ್ಟೇ ತಾವು ವೇದಿಕೆ ಹತ್ತಿ ಹಿರಿಯರ ಆತ್ಮಸ್ಥೈರ್ಯವನ್ನು ಬಾಯ್ತುಂಬ ಕೊಂಡಾಡಿದ್ದಿರಿ. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವರು ನಾವೇ. ನನ್ನ ಚಪ್ಪಾಳೆ ಸ್ವಲ್ಪ ಹೆಚ್ಚು ಹೊತ್ತು ಕೇಳಿಸಿದ್ದು ಕೈನಡುಕದಿಂದ, ತಪ್ಪು ತಿಳಿಯಬೇಡಿ.

ನಮ್ಮ ಗಂಡಂದಿರು ಅಣ್ಣತಮ್ಮಂದಿರು. ಅವರು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನನಗೆ ಕೈನಡುಕ, ಸೋತ ಹೃದಯ, ಸವೆದ ಮಂಡಿ. ಅವಳ ಸಕ್ಕರೆ ಕಾಯಿಲೆ ಕಣ್ಣು ತಿಂದು ಈಗ ಮೂತ್ರಪಿಂಡಕ್ಕೆ ಕೈಹಾಕಿದೆ. ಆದರೆ ಹೊಲಿಗೆ ಮಾಡಿ ಪಳಗಿದ ಅವಳ ಕೈ ಒಂದಿಷ್ಟೂ ಅಲುಗುವುದಿಲ್ಲ, ನನ್ನ ಕಣ್ಣು ಇನ್ನೂ ಚುರುಕು. ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಅವಳು ಸಿರಿಂಜಿಗೆ ಇನ್ಸುಲಿನ್ ಎಳೆಯುತ್ತಾಳೆ, ನಾನು ಗೆರೆ ನೋಡಿ "ಸಾಕು, ನಿಲ್ಸು" ಅನ್ನುತ್ತೇನೆ. ಅವಳು ಈ ಮನೆಗೆ ಬಂದಾಗಿನಿಂದ ನಾನು ಹೇಳುತ್ತಲೇ ಇದ್ದ ಮಾತದು, ಪಾಲಿಸುತ್ತಿರುವುದು ಈಗ. ಆಮೇಲೆ ನನ್ನ ಮಾತ್ರೆಗಳನ್ನು ಬಿಡಿಸಿ ಬಾಯಿಗೆ ಹಾಕುತ್ತಾಳೆ. ನಾವು ಬದುಕಿರುವುದೇ ಹೀಗೆ.

ತಮ್ಮ ಪರೀಕ್ಷಾಧಿಕಾರಿ ನಮ್ಮನ್ನು ಅಕ್ಕಪಕ್ಕದ ಕೋಣೆಗಳಲ್ಲಿ ಕೂರಿಸಿದರು. ಅವಳ ಕೈಗೆ ಸಿರಿಂಜ್, ನನ್ನ ಕೈಗೆ ಮಾತ್ರೆ.

"ಅಕ್ಕಾ, ಸಾಕಾ?" ಗೋಡೆಯಾಚೆಯಿಂದ ಅವಳು ಕೂಗಿದಳು.

"ಇಲ್ಲಿಂದ ಹೆಂಗೇ ಕಾಣ್ಬೇಕು!" ಎಂದೆ, ನೆಲದಲ್ಲಿ ಉರುಳುತ್ತಿದ್ದ ಮಾತ್ರೆಯನ್ನು ನೋಡುತ್ತ.

ಅಧಿಕಾರಿ ನಮ್ಮ ಬಾಯಿ ಮುಚ್ಚಿಸಿ ಇಬ್ಬರನ್ನೂ ನಪಾಸು ಮಾಡಿದರು. ಸ್ವಾಮಿ, ತಮ್ಮ ಕಡತ ಹೊರಲು ಒಬ್ಬರು, ಕಾರು ಓಡಿಸಲು ಒಬ್ಬರು, ಭಾಷಣ ಬರೆದುಕೊಡಲು ಇನ್ನೊಬ್ಬರು. ತಮ್ಮನ್ನು ಯಾರಾದರೂ ಅಸಮರ್ಥರೆಂದಿದ್ದಾರೆಯೇ?

ಆದೇಶವನ್ನು ಅವಳಿಗೆ ಓದಿ ಹೇಳಿದಾಗಿನಿಂದ ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಯಾರಾದರೂ ಬಾಗಿಲು ಬಡಿದರೆ ತಮ್ಮ ವ್ಯಾನೇ ಬಂತೇನೋ ಎಂದು ಕಿಟಕಿಯಲ್ಲಿ ಇಣುಕುತ್ತೇನೆ. ಅವಳು ಕೇಳಿದ್ದು ಒಂದೇ ಮಾತು: "ಅಲ್ಲಿ ನಾನು ಯಾರ ಜೊತೆ ಜಗಳ ಆಡ್ಲಿ, ಅಕ್ಕ?" ನಾನು ಅತ್ತುಬಿಟ್ಟೆ.

ಆದೇಶ ರದ್ದು ಮಾಡಿ. ಪರೀಕ್ಷಿಸಲೇಬೇಕೆಂದಿದ್ದರೆ ಬೆಳಿಗ್ಗೆ ನಮ್ಮ ಮನೆಗೆ ಬಂದು ಇಬ್ಬರನ್ನೂ ಒಟ್ಟಿಗೆ ನೋಡಿ. ಕರೆದೊಯ್ಯಲು ವ್ಯಾನು ಕಳಿಸುವುದೇ ಆದರೆ ಒಂದೇ ಕಳಿಸಿ. ಎರಡನೆಯದಕ್ಕೆ ಹತ್ತುವವರು ಯಾರೂ ಇರುವುದಿಲ್ಲ.

ಇಂತಿ,
ತಮ್ಮ ಲೆಕ್ಕದಲ್ಲಿ ಇಬ್ಬರು ಅಸಮರ್ಥರು,
ನಮ್ಮ ಲೆಕ್ಕದಲ್ಲಿ ಒಂದು ಸಂಸಾರ