ಭಾನುವಾರದ ಸಾಲು

ಮೂಡಿಗೆರೆ
18 ಮೇ 2025

ಪ್ರೀತಿಯ ಅನಿಲ್,

ಎಷ್ಟು ಸಲ ಫೋನ್ ಮಾಡಿದರೂ ಎತ್ತುತ್ತಿಲ್ಲ ಎಂದು ಬೈದುಕೊಳ್ಳುತ್ತಿರುತ್ತೀಯ. ಬೈದುಕೊ. ಫೋನಿನಲ್ಲಿ ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ, ನಮ್ಮ ಗುಂಪಿಗೆ ಬರುವ ಮೆಸೇಜುಗಳನ್ನೆಲ್ಲ ರಕ್ಷಾ ಓದುತ್ತಾಳೆ. ಹಾಗಾಗಿ ಚಿಕ್ಕಮಗಳೂರಿಗೆ ಅಂಚೆಯಲ್ಲಿ ಈ ಕಾಗದ.

ನಮ್ಮ ಮಳೆ ತಂತ್ರಾಂಶಕ್ಕೆ ಫಾರ್ಮ್ಯಾಟರ್ ಹಾಕೋಣ, ನಾವು ನಾಲ್ವರು ನಾಲ್ಕು ರೀತಿ ಬರೆದ ಕೋಡನ್ನು ಅದು ತಾನೇ ಒಂದೇ ಅಚ್ಚಿಗೆ ತರುತ್ತದೆ ಎಂದು ಮೊದಲಿಂದ ಹೇಳುತ್ತಿದ್ದವನು ನೀನೇ. ಬೇಡವೆಂದವನು ನನ್ನ ತಮ್ಮ ಅಶ್ವಿನ್. “ನನ್ ಕೈಬರಹಕ್ಕೆ ಇಸ್ತ್ರಿ ಹಾಕ್ಬೇಡ ಮಾರಾಯ” ಎಂದು ನಿನ್ನನ್ನು ರೇಗಿಸುತ್ತಿದ್ದ. ಅವನು ಹೋದ ಮೇಲೆ ಬೇಡವೆಂದವಳು ಅವನ ಹೆಂಡತಿ ರಕ್ಷಾ. ಈಗ ಹೊಸಬರು ಸೇರುತ್ತಿದ್ದಾರೆ, ಅವನು ಹೋದಂದಿನಿಂದ ನಿಂತಿರುವ ಹಳ್ಳದ ಎಚ್ಚರಿಕೆಗಳು ಮಳೆಗಾಲಕ್ಕೆ ಮೊದಲು ಮತ್ತೆ ಶುರುವಾಗಬೇಕು. ನಾನು ಯಾರನ್ನೂ ಕೇಳದೆ ಇಸ್ತ್ರಿ ಹಾಕಿಬಿಟ್ಟೆ. ಸಾಲನ್ನು ಕೊನೆಗೆ ಮುಟ್ಟಿದವರ ಹೆಸರೇ ಪಕ್ಕದಲ್ಲಿ ಕಾಣುವುದಲ್ಲವೇ, ಪ್ರತಿ ಸಾಲಿನ ಪಕ್ಕ ಈಗ ತನುಜಾ, ತನುಜಾ, ತನುಜಾ.

ಈ ಬದಲಾವಣೆಯನ್ನು ಕಡೆಗಣಿಸಬೇಕಾದವುಗಳ ಪಟ್ಟಿಯಲ್ಲಿ ನಮೂದಿಸಿದರೆ ಹಳೆಯ ಹೆಸರುಗಳು ಮರಳಿ ಕಾಣುತ್ತವೆ, ಎಲ್ಲರೂ ಹಾಗೇ ಮಾಡುತ್ತಾರೆ, ಅಶ್ವಿನ್ ಹೆಸರಾದರೂ ಉಳಿಯಲಿ ಎನ್ನುತ್ತೀಯ. ಬೇಡ ಅನಿಲ್.

ಅವನನ್ನು ಅಳಿಸುವ ಆಸೆ ನನಗೆ ಎಂದುಕೊಂಡೆಯಾ? ಅವನ ಕೋಡ್ ತೆರೆದಾಗೆಲ್ಲ ನನ್ನ ಮೈ ಜುಮ್ಮೆನ್ನುತ್ತಿತ್ತು. ಕರೆಂಟ್ ಹೋದಾಗಲೋ ಕಾಫಿಗೆ ಎದ್ದಾಗಲೋ ಅವನು ಐದಾರು ಖಾಲಿ ಸಾಲು ಬಿಟ್ಟುಹೋಗುತ್ತಿದ್ದ. ಅಂಥ ಜಾಗ ಬಂದರೆ, ಈಗ ಬಂದು ಕೂರುತ್ತಾನೆ ಅನಿಸುತ್ತಿತ್ತು. ನಿಜವಾಗಿ ಕಾಯುತ್ತಿದ್ದೆ. ಕಳಸದ ಮನೆಯಲ್ಲಿ ರಕ್ಷಾ ಇನ್ನೂ ಅವನ ಫೋನನ್ನು ಚಾರ್ಜಿಗೆ ಹಾಕುತ್ತಾಳೆ. ಹೋದ ತಿಂಗಳು ನೀನು ಪರೀಕ್ಷೆಗೆಂದು ಕಳಿಸಿದ ಎಚ್ಚರಿಕೆ ಅದಕ್ಕೂ ಬಂತು: ಹಳ್ಳ ಏರುತ್ತಿದೆ, ದಾಟಬೇಡಿ. ನಾನು ಅಲ್ಲೇ ಇದ್ದೆ. ಅವಳು ಸೌಟು ಹಿಡಿದುಕೊಂಡೇ ಅಂಗಳಕ್ಕೆ ಓಡಿ, ಜೀಪು ನಿಲ್ಲುತ್ತಿದ್ದ ಜಾಗ ನೋಡಿ ಒಳಗೆ ಬಂದಳು.

ಕಳೆದ ಜುಲೈಯ ಆ ಬುಧವಾರ ಮೇಲಿನ ಎಸ್ಟೇಟಿನಲ್ಲಿ ಆರಿಂಚು ಮಳೆ, ಕೆಳಗೆ ನಲವತ್ತು ಸೆಂಟು, ಅಂದರೆ ಅರ್ಧ ಇಂಚೂ ಇಲ್ಲ. ನಮ್ಮ ಗುಡ್ಡಗಳಲ್ಲಿ ಇದೇನು ಹೊಸದಲ್ಲ. ಅದಕ್ಕೇ ಅಲ್ಲವೇ ಎಲ್ಲ ಎಸ್ಟೇಟುಗಳ ಮಳೆ ಲೆಕ್ಕವನ್ನು ಬೆಳಿಗ್ಗೆ ಒಂದೆಡೆ ಸೇರಿಸುವ ಕೆಲಸಕ್ಕೆ ನಾವು ಕೈಹಾಕಿದ್ದು! “ಮೆಸೇಜ್ ಬಂದಿಲ್ವಲ್ಲ, ಹಳ್ಳ ತುಂಬಿರಲ್ಲ ಬಿಡು” ಎಂದು ಹೆಂಡತಿಗೆ ಹೇಳಿ ಅವನು ಜೀಪು ಹತ್ತಿದ. ಹಳ್ಳ ಜೀಪನ್ನೂ ಅವನನ್ನೂ ಕೊಂಡೊಯ್ದಿತು. ಮೇಲಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ರುದ್ರಪ್ಪನವರು, ಲೆಕ್ಕ ಕಳಿಸಿಯೇ ಇದ್ದೆ ಎಂದು ಅತ್ತರು. ನೆಟ್‌ವರ್ಕ್ ಇರಲಿಲ್ಲ, ಬಂದು ಮುಟ್ಟಿಲ್ಲ ಎಂದು ನಾವೇ ತೀರ್ಮಾನಿಸಿದೆವು.

ಮುಟ್ಟಿತ್ತು ಅನಿಲ್. ಭಾನುವಾರ ಅವರಿಗೆ ರಜೆ, ಲೆಕ್ಕ ಬರುವುದಿಲ್ಲ. ಅದಕ್ಕೆಂದು ನಮ್ಮಲ್ಲೊಂದು ಷರತ್ತು ಇತ್ತು: ಭಾನುವಾರವಾದರೆ ರಜೆಯೆಂದು ಗುರುತು ಹಾಕು, ಮೇಲಿನ ಎಸ್ಟೇಟನ್ನು ಲೆಕ್ಕದಿಂದ ಬಿಡು. ಎರಡು ಸಾಲುಗಳೂ ಷರತ್ತಿನ ಕೆಳಗೆ ಒಂದೇ ಸಮನಾಗಿ ಒಳಸರಿದು ನಿಂತಿದ್ದವು, ಕಣ್ಣಿಗೆ ಎಲ್ಲ ಸರಿಯೇ. ಆದರೆ ಎರಡನ್ನೂ ಸೇರಿಸಿ ಆವರಣ ಹಾಕಿರಲಿಲ್ಲ, ಕಂಪ್ಯೂಟರಿಗೆ ಮೊದಲನೆಯದು ಮಾತ್ರ ಭಾನುವಾರದ್ದು. ಫಾರ್ಮ್ಯಾಟರ್ ಎರಡನೆಯ ಸಾಲನ್ನು ಎಳೆದು ಅಂಚಿಗೆ ತಂದು ನಿಲ್ಲಿಸಿದಾಗ ನನಗೆ ಕಂಡಿತು. ವಾರದ ಯಾವ ದಿನವೂ ನಾವು ಮೇಲಿನ ಮಳೆಯನ್ನು ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ಅದಕ್ಕೆ ಮೊದಲೆಲ್ಲ ಕೆಳಗೂ ಜೋರು ಮಳೆಯಿದ್ದು ಅದಕ್ಕೇ ಎಚ್ಚರಿಕೆ ಹೋಗುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ.

ಬರೆದವರು ಯಾರೆಂದು ಹಳೆಯ ಪ್ರತಿ ತೆಗೆದು ನೋಡಿದೆ. ಅಶ್ವಿನ್ ಅಲ್ಲ. ರಕ್ಷಾ.

ತಪ್ಪನ್ನು ಇಸ್ತ್ರಿಯ ಜೊತೆಗೇ ತಿದ್ದಿಬಿಟ್ಟೆ, ಬೇರೆಯಾಗಿ ಕಾಣದ ಹಾಗೆ. ನೀನು ಹೆಸರುಗಳನ್ನು ಮರಳಿಸಿದರೆ ಅಲ್ಲಿ ಅವಳ ಹೆಸರೇ ಎದ್ದು ಬರುತ್ತದೆ, ಇಲ್ಲೇನೋ ತಿದ್ದಿದ್ದಾರೆ ಎಂದು ಅವಳಿಗೆ ಗೊತ್ತಾಗುತ್ತದೆ. ಗಂಡನನ್ನು ಮುಳುಗಿಸಿದ್ದು ತನ್ನದೇ ಸಾಲು ಎಂದು ತಿಳಿದರೆ ಆ ಹುಡುಗಿ ಬದುಕುತ್ತಾಳಾ? ತಮ್ಮ ಹೋದ, ಇವಳನ್ನೂ ಕಳೆದುಕೊಳ್ಳಲು ನನ್ನಿಂದಾಗದು. ಯಾರಾದರೂ ಕೇಳಿದರೆ, ತನುಜಕ್ಕ ಹಟಮಾರಿ, ಪಟ್ಟಿ ಹಾಕಲು ಬಿಡಲಿಲ್ಲ ಎನ್ನು. ಎಲ್ಲರೂ ನಂಬುತ್ತಾರೆ. ರುದ್ರಪ್ಪನವರ ಬಳಿಗೆ ನಾನೇ ಹೋಗಿ ಕ್ಷಮೆ ಕೇಳುತ್ತೇನೆ.

ಇಂತಿ, ನಿನ್ನ ಮೇಲೆ ಭಾರ ಹೊರಿಸುತ್ತಿರುವ
ತನುಜಕ್ಕ

ತಾ.ಕ.: ಕವರಿಗೆ ಅಂಟು ಹಚ್ಚುವ ಮೊದಲೇ ರಕ್ಷಾ ಕಳಸದಿಂದ ಬಸ್ಸಿಗೆ ಬಂದಳು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು: “ಅತ್ಗೆ, ಭಾನುವಾರದ ಆ ಸಾಲಿನ್ ಪಕ್ಕ ನಿಮ್ ಹೆಸ್ರು ಯಾಕಿದೆ? ಅದು ನಂದು. ಅವ್ರು ತೀರ್ಕೊಂಡ ವಾರನೇ ನೋಡಿದ್ದೆ. ತಿದ್ದೋಣ ಅಂತ ದಿನಾ ತೆಗೀತಿದ್ದೆ, ಕೈ ಬರ್ತಿರ್ಲಿಲ್ಲ.” ಇಷ್ಟು ದಿನ ಒಬ್ಬಳೇ ಅದನ್ನು ಹೊತ್ತುಕೊಂಡಿದ್ದಾಳೆ. ಈಗ ಒಳಗೆ ನನ್ನ ಮಂಚದ ಮೇಲೆ ಮಲಗಿದ್ದಾಳೆ. ಮೇಲೆ ಬರೆದದ್ದನ್ನೆಲ್ಲ ಬಿಡು ಅನಿಲ್, ಕಾಗದ ಸಿಕ್ಕಿದ ಕೂಡಲೇ ಆ ಪಟ್ಟಿ ಸೇರಿಸು. ಅವಳು ಬೇಡಿಕೊಂಡದ್ದು ಅದೊಂದೇ. “ನನ್ ಹೆಸ್ರು ವಾಪಸ್ ಹಾಕಿ ಅತ್ಗೆ. ಅದನ್ನೂ ನೀವೇ ತಗೊಂಡ್ರೆ ನಾನು ಎಲ್ ಕೂತು ಅಳ್ಲಿ?”