ಶನಿವಾರದ ನಡಿಗೆಯ ವಿಷಯ

ಮಗಳೇ,

ನಿನ್ನ ಚಿಕ್ಕಪ್ಪ ತೀರಿಹೋದ ಸುದ್ದಿ ಬಂದ ಮಂಗಳವಾರವೇ ಪುರಭವನದ ಕಾರ್ಯಕ್ರಮಗಳ ಪಟ್ಟಿಯೂ ಅಚ್ಚಾಗಿ ಬಂತು. ಶನಿವಾರ ಬೆಳಿಗ್ಗೆ ಏಳಕ್ಕೆ ಹಳೆಯ ಬೀದಿಗಳ ಚರಿತ್ರೆ ಹೇಳುವ ನಡಿಗೆ. ಹೇಳುವವನು ಅವನೇ ಎಂದಿದೆ. ರದ್ದು ಮಾಡಬೇಡಿ, ನಾನು ನಡೆಸುತ್ತೇನೆ ಎಂದು ಪುರಭವನದವರಿಗೆ ಹೇಳಿದ್ದೇನೆ. ಈಗ ನಡಿಗೆಯ ದಾರಿ ನೋಡಿಕೊಂಡು ಬರಲು ಹೊರಟಿದ್ದೇನೆ. ಊಟಕ್ಕೆ ಕಾಯಬೇಡ.

ಮಗು ಬರೆದ ಚಿತ್ರ ಕಪಾಟಿನ ಮೇಲಿದೆ. ಇವತ್ತು ಸಂಜೆ ಐದರೊಳಗೆ ಪುರಭವನದ ಪ್ರದರ್ಶನಕ್ಕೆ ಕೊಟ್ಟು ಬಾ. ಅಲ್ಲಿನ ಭಾನುವಾರದ ನಾಟಕಕ್ಕೂ ಹೋಗಿ. ದುಃಖದ ಮನೆಯೆಂದು ಮಕ್ಕಳನ್ನು ಕಟ್ಟಿಹಾಕಬೇಡ.

ನಿನ್ನ ಚಿಕ್ಕಪ್ಪ ಪ್ರತಿವರ್ಷ ಈ ನಡಿಗೆಗೆ ಕರೆಯುತ್ತಿದ್ದ: "ಅಣ್ಣಾ, ಒಂದ್ಸಲ ಬಂದು ಕೇಳು. ತಪ್ಪು ಹೇಳಿದ್ರೆ ಎಲ್ರೆದುರಿಗೇ ಬೈ."

"ನಾನು ಹುಟ್ಟಿ ಬೆಳೆದ ಬೀದೀನ ನನಗೇ ತೋರಿಸ್ತೀಯೇನೋ?" ಎಂದು ನಕ್ಕು ಕಳಿಸುತ್ತಿದ್ದೆ.

ನಿನ್ನೆ ಅವನ ಟಿಪ್ಪಣಿ ಪುಸ್ತಕ ತೆರೆದೆ. ನಮ್ಮ ಬೀದಿಯ ಗಿರಣಿಯ ಬಗ್ಗೆ, ನಾವಿಬ್ಬರೂ ಓದಿದ ಶಾಲೆಯ ಬಗ್ಗೆ ಬರೆಯಬೇಕಾದಲ್ಲಿ ಅರ್ಧ ಪುಟ ಖಾಲಿ ಬಿಟ್ಟು, "ಇಲ್ಲಿ ಅಣ್ಣ ಮಾತಾಡಬೇಕು" ಎಂದಷ್ಟೇ ಬರೆದಿದ್ದಾನೆ. ಅವನು ನಡಿಗೆ ನಡೆಸಿದ ಹನ್ನೆರಡು ವರ್ಷವೂ ಅದು ಖಾಲಿಯೇ ಉಳಿಯಿತು.

ಶನಿವಾರ ಅಲ್ಲಿ ಮಾತಾಡುತ್ತೇನೆ. ಕೇಳಬೇಕಾದವನು ಇರುವುದಿಲ್ಲ.

ದೇವರೇ, ನನ್ನ ಬಿಂಕವನ್ನು ನನ್ನ ಲೆಕ್ಕಕ್ಕೇ ಬರೆದುಕೊಂಡು, ನನ್ನ ತಮ್ಮನಿಗೆ ನಿನ್ನ ಪಾದದ ಬಳಿ ನೆಮ್ಮದಿ ಕೊಡು.